ಪದಚರ್ಚೆ: ಹಳೆಯ ಟಿಲ್ಲರ್‌ಗೆ ಹಲ್ಲೋ, ಅಲಗೋ?

ಗೆಳೆಯರೇ,

ತೋಟದಲ್ಲಿ ಮಣ್ಣು ಸಡಿಲಿಸುವ ಹಳೆಯ ಸಣ್ಣ ಯಂತ್ರಗಳನ್ನು ಗುರುತು ಹಿಡಿಯೋದು ಹೇಗೆ, ಬಿಚ್ಚಿ ಮತ್ತೆ ಓಡುವ ಹಾಗೆ ಮಾಡೋದು ಹೇಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಪ್ಲಗ್, ಪಿಸ್ಟನ್, ಕಾರ್ಬೊರೇಟರ್ ಇವನ್ನೆಲ್ಲ ಹಾಗೇ ಬಿಟ್ಟಿದ್ದೇನೆ. ಅವಕ್ಕೆ ಹೊಸ ಪದ ಹೊಸೆಯುವ ಹುಚ್ಚು ನನಗಿಲ್ಲ. ಆದರೆ ಕೆಲವು ಕಡೆ ಪದ ಗೊಂದಲವಾದರೆ ಓದಿದವರು ಯಂತ್ರವನ್ನೇ ಕೆಡಿಸಿಕೊಳ್ಳುತ್ತಾರೆ. ಅಂಥವನ್ನು ಮಾತ್ರ ಇಲ್ಲಿ ಇಡುತ್ತಿದ್ದೇನೆ.

ಮೊದಲು ಯಂತ್ರದ ಹೆಸರು. ಟಿಲ್ಲರ್, ಕಲ್ಟಿವೇಟರ್, ರೋಟವೇಟರ್ ಮೂರೂ ಒಂದೇ ಅನ್ನುವ ಹಾಗೆ ಬಳಸುತ್ತೇವೆ, ಅಲ್ವಾ? ಹಳೆಯದನ್ನು ಗುರುತಿಸಲು ಕೂತಾಗ ಇದು ಸಾಲದು. ಪ್ಲಾನೆಟ್ ಜೂನಿಯರ್ ಅನ್ನೋ ಹೆಸರಿನ ಹಳೆಯ ಯಂತ್ರದ ಥರದವುಗಳಲ್ಲಿ ಎಂಜಿನ್ ಚಕ್ರವನ್ನು ಮಾತ್ರ ತಿರುಗಿಸುತ್ತದೆ, ಹಲ್ಲುಗಳು ತಾವು ತಿರುಗದೆ ಮಣ್ಣನ್ನು ಗೀರುತ್ತಾ ಹಿಂದೆ ಬರುತ್ತವೆ. ಎಡೆಕುಂಟೆ ಮಾಡುವ ಕೆಲಸವೇ ಇದು. ಮೆರಿ ಟಿಲ್ಲರ್ ಅನ್ನೋ ಇನ್ನೊಂದು ಯಂತ್ರದಂಥವುಗಳಲ್ಲಿ ಚಕ್ರ ಇರಬೇಕಾದ ಅಚ್ಚಿಗೇ ಅಲಗು ಹಾಕಿರುತ್ತಾರೆ. ಅದು ತಿರುಗುತ್ತಾ ಮಣ್ಣನ್ನೂ ಅಗೆಯುತ್ತದೆ, ಯಂತ್ರವನ್ನೂ ಮುಂದಕ್ಕೆ ಒಯ್ಯುತ್ತದೆ. ಹಿಂದೆ ನೆಲಕ್ಕೆ ಊರುವ ಕಂಬಿಯೊಂದು ತಡೆಯದಿದ್ದರೆ, ಅಗೆಯೋದು ಬಿಟ್ಟು ಸುಮ್ನೆ ಓಡಿಬಿಡುತ್ತದೆ. ಮೂರನೆಯ ಬಗೆಯಲ್ಲಿ ಚಕ್ರ ಬೇರೆ, ಅಲಗಿನ ಉರುಳೆ ಬೇರೆ, ಎರಡನ್ನೂ ಎಂಜಿನ್ನೇ ತಿರುಗಿಸುತ್ತದೆ.

ಈ ಮೂರನೆಯದಕ್ಕೆ ರೋಟವೇಟರ್ ಅನ್ನೋದು ಸರಿ, ಆದರೆ ಅದು ಹೊವಾರ್ಡ್ ಕಂಪನಿಯ ಮಾರಾಟದ ಹೆಸರು. ಆರ್ಥರ್ ಕ್ಲಿಫರ್ಡ್ ಹೊವಾರ್ಡ್ 1912ರಲ್ಲಿ ಆಸ್ಟ್ರೇಲಿಯಾದ ಗಿಲ್ಗಾಂಡ್ರಾದಲ್ಲಿ ಪ್ರಯೋಗ ಶುರು ಮಾಡಿ, 1920ರಲ್ಲಿ ಪೇಟೆಂಟ್ ಪಡೆದವರು. ಮೊದಲಿನ ಅಲಗುಗಳು ಮಣ್ಣನ್ನು ಪಕ್ಕಕ್ಕೆ ಎಸೆಯುತ್ತಿದ್ದವು. ಎಲ್ ಆಕಾರಕ್ಕೆ ಬಗ್ಗಿಸಿದ ಅಲಗು ಬಂದ ಮೇಲೆ ಆ ತೊಂದರೆ ತಪ್ಪಿತು. (ಇಂಗ್ಲಿಷಿನಲ್ಲಿ ಆ ಹೆಸರನ್ನು ಹಿಂದಿನಿಂದ ಓದಿದರೂ ಅದೇ ಹೆಸರು. ಕನ್ನಡಕ್ಕೆ ಬರುವಾಗ ಆ ಚಂದ ಉದುರಿಹೋಯಿತು.) ಹಾಗಾಗಿ ತಿರುಗದೆ ಗೀರುವುದಕ್ಕೆ ‘ಹಲ್ಲು’, ತಿರುಗಿ ಕಡಿಯುವುದಕ್ಕೆ ‘ಅಲಗು’ ಅಂತ ಇಟ್ಟುಕೊಂಡಿದ್ದೇನೆ. ಹಲ್ಲಿದ್ದರೆ ಒಂದು ಕುಲ, ಅಲಗಿದ್ದರೆ ಇನ್ನೊಂದು. ಇಷ್ಟು ಹೇಳಿದರೆ ಅರ್ಧ ಗುರುತು ಸಿಕ್ಕಿದ ಹಾಗೆ. ಗೇರಿನ ಹಲ್ಲಿಗೂ ಇದಕ್ಕೂ ಗೊಂದಲ ಆದೀತು ಅಂತ ಒಂದು ಅನುಮಾನ ಮಾತ್ರ ಉಳಿದಿದೆ.

ಎರಡನೆಯದು ನಂಬರ್. ನನ್ನ ಪ್ರಕಾರ ಜಾಸ್ತಿ ತಲೆಕೆಡಿಸಿಕೊಳ್ಳಬೇಕಾದ್ದು ಇಲ್ಲೇ. ಎಂಜಿನ್ ಮೈಮೇಲೆ ಎರಡು ಥರದ ಅಂಕಿ ಇರುತ್ತವೆ. ಒಂದು ಎರಕ ಹೊಯ್ಯುವಾಗಲೇ ಉಬ್ಬಾಗಿ ಮೂಡಿದ್ದು, ಬೆರಳಾಡಿಸಿದರೆ ತಿಳಿಯುತ್ತದೆ. ಇನ್ನೊಂದು ಆಮೇಲೆ ಪಂಚ್ ಇಟ್ಟು ಒತ್ತಿದ್ದು, ಒಳಕ್ಕೆ ತಗ್ಗಾಗಿರುತ್ತದೆ. ಉಬ್ಬಿದ್ದು ಬರೀ ಆ ಬಿಡಿಭಾಗದ ನಂಬರ್. ಅಂಥ ಸಾವಿರಾರು ಎಂಜಿನ್‌ಗಳಲ್ಲಿ ಅದೇ ಅಂಕಿ ಇರುತ್ತದೆ. ಎಂಜಿನ್‌ನ ಗುರುತು ಹೇಳೋದು ಒತ್ತಿದ ನಂಬರ್. ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿಯ ಎಂಜಿನ್‌ಗಳಲ್ಲಿ ಫ್ಯಾನ್ ಮುಚ್ಚುವ ತಗಡಿನ ಮೇಲೆ ಮಾಡೆಲ್, ಟೈಪ್, ಕೋಡ್ ಅಂತ ಮೂರು ಒತ್ತಿರುತ್ತಾರೆ. ಕೋಡ್ 78042103 ಅಂತಿದ್ದರೆ ಮೊದಲ ಆರು ಅಂಕಿಯೇ ತಾರೀಕು: 1978ರ ಏಪ್ರಿಲ್ 21. ಇದು ಎಂಜಿನ್ ತಯಾರಾದ ದಿನ, ಯಂತ್ರದ್ದಲ್ಲ. ಎಂಜಿನ್ ಬದಲಾಗಿರಬಹುದು, ಆ ತಗಡೊಂದೇ ಬದಲಾಗಿರಲೂಬಹುದು. ‘ಉಬ್ಬಂಕಿ’, ‘ಒತ್ತಂಕಿ’ ಅಂತ ಬರೆದರೆ ತೀರಾ ಕೃತಕ ಅನ್ನಿಸುತ್ತದಾ? ಬರೀ ‘ಕೆತ್ತಿದ ನಂಬರ್’ ಅಂದರೆ ಎರಡೂ ಸೇರಿಹೋಗುತ್ತವೆ, ಅದಕ್ಕೇ ಕೇಳುತ್ತಿದ್ದೇನೆ.

ಮೂರನೆಯದು ‘ಸೀಜ್’. ಮೆಕ್ಯಾನಿಕ್‌ಗಳು ತಿರುಗದ ಎಂಜಿನ್‌ಗೆಲ್ಲ ಸೀಜ್ ಆಗಿದೆ, ಹಿಡ್ಕೊಂಡಿದೆ ಅಂತಾರೆ. ಆದರೆ ಆಯಿಲ್ ಇಲ್ಲದೆ ಓಡಿ, ಕಾದು, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳೋದು ಒಂದು. ವರ್ಷಗಟ್ಟಲೆ ಮೂಲೆಯಲ್ಲಿ ನಿಂತು ತುಕ್ಕಿಗೆ ಅಂಟಿಕೊಳ್ಳೋದು ಇನ್ನೊಂದು. ಅಂಟಿದ್ದಾದರೆ ಪ್ಲಗ್ ಬಿಚ್ಚಿ, ಆ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಕೆಲವು ದಿನ ಕಾದು, ಫ್ಲೈವೀಲನ್ನು (ಎಂಜಿನ್ ಜತೆ ತಿರುಗುವ ಭಾರದ ಗಾಲಿ) ಕೈಯಲ್ಲೇ ಹಿಂದೆ ಮುಂದೆ ಅಲುಗಿಸಬೇಕು. ಅದರ ರೆಕ್ಕೆಗೆ ಸಲಾಕೆ ಸಿಕ್ಕಿಸಿ ಮೀಟಿದರೆ ರೆಕ್ಕೆ ಮುರಿಯುತ್ತದೆ. ಕಚ್ಚಿದ್ದಾದರೆ ಎಷ್ಟು ಎಣ್ಣೆ ಬಿಟ್ಟರೂ ಪೂರ್ತಿ ಗುಣವಾಗಲ್ಲ, ಬಿಚ್ಚಿ ಸಿಲಿಂಡರಿನ ಗೀರು ನೋಡಲೇಬೇಕು. ‘ಕಚ್ಚಿದ ಎಂಜಿನ್’, ‘ಅಂಟಿದ ಎಂಜಿನ್’ ಅಂದರೆ ಸಾಕಲ್ವಾ?

ಫ್ಲೈವೀಲನ್ನು ಎಂಜಿನ್ ದಂಡದ ಮೇಲೆ ಸರಿಯಾದ ಜಾಗದಲ್ಲಿ ಹಿಡಿದಿಡುವ ಪುಟ್ಟ ತುಂಡು, ಅಂದರೆ ‘ಕೀ’ಗೆ, ನಾನು ‘ಬೆಣೆ’ ಅಂತಲೇ ಬರೆದಿದ್ದೇನೆ, ಇದರಲ್ಲಿ ಚೌಕಾಸಿ ಇಲ್ಲ. ಕೀ ಅಂದರೆ ಹೊಸಬರು ಬೀಗದ ಕೈ ಅಂದುಕೊಳ್ಳುತ್ತಾರೆ. ಬ್ರಿಗ್ಸ್ ಎಂಜಿನ್‌ಗಳಲ್ಲಿ ಈ ಬೆಣೆ ಬೇಕಂತಲೇ ಮೆತ್ತನೆಯ ಲೋಹದ್ದು. ಅಲಗು ಕಲ್ಲಿಗೆ ಬಡಿದು ಎಂಜಿನ್ ತಟ್ಟನೆ ನಿಂತರೆ ಬೆಣೆ ಜರುಗಿ ಬೆಲೆಬಾಳುವ ಭಾಗ ಉಳಿಯಲಿ ಅಂತ. ಬೆಣೆ ಕೂದಲೆಳೆಯಷ್ಟು ಜರುಗಿದರೂ ಕಿಡಿ ಹೊತ್ತು ತಪ್ಪಿ ಹಾರುತ್ತದೆ, ಸ್ಟಾರ್ಟ್ ಮಾಡಲು ಹಗ್ಗ ಎಳೆದ ಕೈಗೆ ಜಗ್ಗು ಹೊಡೆಯುತ್ತದೆ. ಗಟ್ಟಿ ಇರಲಿ ಅಂತ ಉಕ್ಕಿನದು ಹಾಕಬಾರದು. ಪಾಯಿಂಟ್ ಗ್ಯಾಪಿಗೆ (ಕಿಡಿ ಹೊತ್ತಿಸಲು ತೆರೆದು ಮುಚ್ಚುವ ಎರಡು ಲೋಹದ ತುದಿಗಳ ನಡುವಿನ ಜಾಗ) ‘ಸಂದು’ ಅಂದಿದ್ದೇನೆ, ಸುಮಾರು 0.5 ಮಿಲಿಮೀಟರ್. ಕೆಟ್ಟ ಪೆಟ್ರೋಲಿಗೆ ‘ಹಳಸಿದ ಪೆಟ್ರೋಲ್’. ಅದರ ವಾಸನೆ ಕಂಡವರಿಗೆ ಬೇರೆ ವಿವರಣೆ ಬೇಡ.

ಕೊನೆಯದು ಪುಸ್ತಕದ ಹೆಸರಿಗೇ ಬೇಕಾದ ಪದ. ‘ರಿಪೇರಿ’, ‘ದುರಸ್ತಿ’ ಅಂದರೆ ಓಡಿದರೆ ಸಾಕು ಅಂತ. ‘ಜೀರ್ಣೋದ್ಧಾರ’ ದೇವಸ್ಥಾನಕ್ಕೇ ಅಂಟಿಕೊಂಡ ಮಾತು. ನಾನು ಹೇಳುತ್ತಿರೋದು ಯಂತ್ರವನ್ನು ಅದರ ಕಾಲದ ರೂಪಕ್ಕೇ ತರುವ ಕೆಲಸ. ಬ್ರಾಕೆಟ್ ಬಿಚ್ಚಿದಾಗ ಅದರ ಅಡಿಯಲ್ಲಿ ಬಿಸಿಲು ಕಾಣದೆ ಉಳಿದ ಮೊದಲಿನ ಬಣ್ಣ ಸಿಗುತ್ತದೆ, ಆ ಬಣ್ಣಕ್ಕೇ ಹೊಂದಿಸಿ ಬಳಿಯೋದು. ಕೊಳೆ ತೆಗೆಯುವಾಗಲೂ ಸೀಮೆಎಣ್ಣೆ ಸುರಿಯದೆ, ಮೊದಲು ಸೋಪಿನ ನೀರಲ್ಲಿ ಮೆಲ್ಲಗೆ ಒರೆಸಿ ಹಳೆಯ ಅಕ್ಷರ ಉಳಿಸಿಕೊಳ್ಳೋದು. ಸದ್ಯಕ್ಕೆ ‘ಮರುಸಜ್ಜು’ ಅಂತ ಗೀಚಿಟ್ಟಿದ್ದೇನೆ, ಆದರೆ ಅದರಲ್ಲಿ ಹಳೆಯ ರೂಪದ ಮಾತೇ ಇಲ್ಲ. ನಿಮ್ಮ ಕಡೆ ಹಳೆಯ ಗಡಿಯಾರ, ರೇಡಿಯೋ ಸರಿಮಾಡುವವರು ಇದಕ್ಕೆ ಬಳಸುವ ಮಾತಿದ್ದರೆ ದಯವಿಟ್ಟು ಬರೆಯಿರಿ, ವಾಕ್ಯದ ಸಮೇತ.