ಪುಟ್ಟಿ, ನೀನು ಕೈ ಹಿಂದಕ್ಕೆ ತೆಗೆದುಕೊಂಡದ್ದಕ್ಕೆ

ಪುಟ್ಟಿ, ನಿನ್ನ ಮೆಸೇಜು ನಿನ್ನೆ ರಾತ್ರಿ ಹನ್ನೊಂದೂವರೆಗೆ ನೋಡಿದೆ. ಆಮೇಲೆ ನಿದ್ದೆ ಹತ್ತಲಿಲ್ಲ. ವಾಯ್ಸ್ ಮೆಸೇಜೇ ಹಾಕೋಣ ಅಂದುಕೊಂಡೆ. ಆದರೆ ಪಕ್ಕದಲ್ಲೇ ಮೊಮ್ಮಗ ಮಲಗಿದ್ದಾನೆ, ಜ್ವರ ಇಳಿದು ಈಗಷ್ಟೇ ಕಣ್ಣು ಮುಚ್ಚಿದ್ದಾನೆ. ಅದಕ್ಕೆ ಬರೆಯುತ್ತಿದ್ದೇನೆ. ಮಾತಾಡಿದ ಹಾಗೇ ಬರೆಯುತ್ತೇನೆ, ಉದ್ದ ಆಗುತ್ತದೆ. ಪುರುಸೊತ್ತಾದಾಗ ಓದು.

ಗ್ರೂಪಿನಲ್ಲಿ ಬೆಳಿಗ್ಗೆ ನೋಡುವವರಿಗೂ ಗೊತ್ತಾಗಲಿ. ಭಾನುವಾರ ಆರಾಧನೆಯಲ್ಲಿ ಒಬ್ಬರಿಗೊಬ್ಬರು ಕೈ ಹಿಡಿದು ಸಮಾಧಾನ ಕೊಡುವ ಹೊತ್ತಿಗೆ, ಪುಟ್ಟಿಯ ಅಪ್ಪನ ತಲೆಗೆ ಸಾಲ ಕಟ್ಟಿ ಹೋಗಿದ್ದ ಆ ಮನುಷ್ಯ ಹಿಂದಿನ ಬೆಂಚಿನಿಂದ ಎದ್ದು ಬಂದು ಪುಟ್ಟಿಯ ಮುಂದೆ ಎರಡೂ ಕೈ ಚಾಚಿದ. ಇವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸಕ್ಕೂ ನಿಲ್ಲದೆ ಹೊರಗೆ ಬಂದುಬಿಟ್ಟಳು. ಚಪ್ಪಲಿ ಮೆಟ್ಟುವಾಗ ಕಾಲು ನಡುಗುತ್ತಿತ್ತಂತೆ. "ಅತ್ತೆ, ನಾನು ಇನ್ನು ಕ್ರೈಸ್ತಳು ಅಂತ ಹೇಳಿಕೊಳ್ಳಬಹುದಾ?" ಅಂತ ಕೇಳಿದ್ದಾಳೆ. ಅದಕ್ಕೆ ನೀವೆಲ್ಲ ಉತ್ತರ ಕೊಟ್ಟಿದ್ದೀರಿ. ಮರೆತುಬಿಡು ಅಂತ ಒಬ್ಬರು. ಏಳೆಪ್ಪತ್ತು ಸಾರಿ ಕ್ಷಮಿಸಬೇಕು ಅಂತ ಇನ್ನೊಬ್ಬರು. ಪಾಪ, ಅವನೂ ಈಗ ಬದಲಾಗಿದ್ದಾನೆ ಅಂತ ಮತ್ತೊಬ್ಬರು. ನೀವು ಪ್ರೀತಿಯಿಂದಲೇ ಹೇಳಿದ್ದು ಅಂತ ನನಗೆ ಗೊತ್ತು. ಆದರೆ ಗಾಯ ನೋಡದೆ ಪಟ್ಟಿ ಕಟ್ಟಿದ ಹಾಗಾಯಿತು.

ಪುಟ್ಟಿ, ನೀನು ಸುಮ್ನೆ ಕೈ ಹಿಡಿದು, ಒಳಗೊಳಗೇ ಶಾಪ ಹಾಕಿ, ಹೋಗಿ ರೊಟ್ಟಿ ದ್ರಾಕ್ಷಾರಸ ತೆಗೆದುಕೊಂಡಿದ್ದರೆ ನನಗೆ ಜಾಸ್ತಿ ಹೆದರಿಕೆ ಆಗುತ್ತಿತ್ತು. ನೀನು ಹಾಗೆ ಮಾಡಲಿಲ್ಲ. ಇನ್ನೊಂದು ವಿಷಯ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಒಂದಾಗು ಅಂತ ಯೇಸುಸ್ವಾಮಿ ಹೇಳಿದ್ದು ಯಾರಿಗೆ? ಮತ್ತಾಯ ಐದನೇ ಅಧ್ಯಾಯ ತೆಗೆದು ನೋಡು. ಯಾರ ಮೇಲೆ ಇನ್ನೊಬ್ಬರಿಗೆ ದೂರಿದೆಯೋ ಅವರಿಗೆ. ಅಂದರೆ ಎದ್ದು ಹೋಗಬೇಕಾದವನು ಅವನು. ಭಾನುವಾರಕ್ಕೆ ಮುಂಚೆ ನಿಮ್ಮ ಮನೆ ಬಾಗಿಲಿಗೆ ಬರಬೇಕಿತ್ತು. ಇನ್ನೂರು ಜನರ ಮುಂದೆ ಕೈ ಚಾಚಿದರೆ ನೀನು ಏನು ಮಾಡಲು ಸಾಧ್ಯ? ಅವನ ಮನಸ್ಸು ಒಳ್ಳೆಯದೇ ಇದ್ದಿರಬಹುದು, ಆದರೆ ಮಾಡಿದ ರೀತಿ ಸರಿಯಲ್ಲ. ಅವನು ಈ ಗ್ರೂಪಿನಲ್ಲಿ ಇಲ್ಲ. ಇದ್ದಿದ್ದರೂ ಇದನ್ನೇ ಬರೆಯುತ್ತಿದ್ದೆ.

ಚಿಕ್ಕವರಿಗೆ ನಡೆದದ್ದೇನು ಅಂತ ಪೂರ್ತಿ ಗೊತ್ತಿಲ್ಲ. ಪುಟ್ಟಿಯ ಅಪ್ಪ, ಅಂದರೆ ನನ್ನ ಅಣ್ಣ, ಈ ಮನುಷ್ಯನ ಸಾಲಕ್ಕೆ ಜಾಮೀನು ನಿಂತಿದ್ದ. ಇಬ್ಬರೂ ಒಟ್ಟಿಗೆ ಸಂಡೇ ಸ್ಕೂಲಿಗೆ ಹೋದವರು, ಕ್ವಾಯರ್‌ನಲ್ಲಿ ಪಕ್ಕ ಪಕ್ಕ ನಿಂತು ಹಾಡಿದವರು. ಸಾಲ ತೆಗೆದುಕೊಂಡವನು ಊರು ಬಿಟ್ಟ, ಫೋನ್ ನಂಬರ್ ಬದಲಿಸಿದ. ಸೊಸೈಟಿಯವರು ಅಣ್ಣನ ಸಂಬಳಕ್ಕೆ ಕೈ ಹಾಕಿದರು. ತಿಂಗಳಿಗೆ 4,650 ರೂಪಾಯಿ, 58 ತಿಂಗಳು.

ಅಣ್ಣ ಅದನ್ನೆಲ್ಲ ಒಂದು ಗೆರೆ ಹಾಕಿದ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ನೀಲಿ ರಟ್ಟು, ಮೂಲೆಯಲ್ಲಿ ಚಹಾದ ಕಲೆ. ತಾರೀಖು, ಮೊತ್ತ, ಪಕ್ಕದಲ್ಲಿ ಒಂದು ಓರೆ ಗೆರೆ. ಒಂದು ಕಡೆ "ಪುಟ್ಟಿ ಫೀಸು ಮುಂದಿನ ತಿಂಗಳು" ಅಂತ ಬರೆದು ಹೊಡೆದುಹಾಕಿದ್ದಾನೆ. ಅದರ ಕೆಳಗೆ ಮತ್ತೆ ಅದೇ ಸಾಲು, ಮತ್ತೆ ಹೊಡೆದುಹಾಕಿದ್ದಾನೆ. ಇಡೀ ಪುಸ್ತಕದಲ್ಲಿ ಆ ಸ್ನೇಹಿತನ ಹೆಸರು ಒಂದು ಕಡೆಯೂ ಇಲ್ಲ. ಸೊಸೈಟಿ ಕಂತು ಅಂತಷ್ಟೇ ಇದೆ. ನಾನು ಒಮ್ಮೆ ರೇಗಿ ಕೇಳಿದ್ದಕ್ಕೆ, "ಸಹಿ ಹಾಕಿದ ಕೈ ನನ್ನದೇ ಅಲ್ವಾ" ಅಂದ. ಅಷ್ಟೇ.

ಈಗ ಆ ಏಳೆಪ್ಪತ್ತು ಸಾರಿಯ ವಿಷಯ. ಶಿಷ್ಯ ಪೇತ್ರನಿಗೆ ಆ ಮಾತು ಹೇಳಿದ ಕೂಡಲೇ ಯೇಸುಸ್ವಾಮಿ ಒಂದು ಸಾಮ್ಯ ಹೇಳುತ್ತಾರೆ, ಎಲ್ಲರಿಗೂ ಗೊತ್ತಿರುವುದೇ. ಅರಸನಿಗೆ ಹತ್ತು ಸಾವಿರ ತಲಾಂತು ಸಾಲ ಇದ್ದ ಆಳು. ಅರಸ ಅಷ್ಟನ್ನೂ ಬಿಟ್ಟುಬಿಡುತ್ತಾನೆ. ಆ ಆಳು ಹೊರಗೆ ಬಂದು ತನಗೆ ನೂರು ದಿನದ ಕೂಲಿಯಷ್ಟು ಕೊಡಬೇಕಾದ ಜೊತೆಯವನ ಕುತ್ತಿಗೆ ಹಿಡಿಯುತ್ತಾನೆ. ಪ್ರಸಂಗದಲ್ಲಿ ನಾವು ಕೇಳುವುದು ಯಾವಾಗಲೂ ಆ ದೊಡ್ಡ ಮೊತ್ತದ ಬಗ್ಗೆ. ಒಂದು ತಲಾಂತು ಅಂದರೆ ಆರು ಸಾವಿರ ದಿನದ ಕೂಲಿ, ಹಾಗಾದರೆ ಹತ್ತು ಸಾವಿರ ತಲಾಂತು ಅಂದರೆ ಹತ್ತಾರು ಜನ್ಮ ದುಡಿದರೂ ತೀರದ ಸಾಲ. ಸರಿ. ಆದರೆ ಆ ಚಿಕ್ಕ ಮೊತ್ತ ನೋಡು ಪುಟ್ಟಿ. ನೂರು ದಿನದ ಕೂಲಿ. ಮೂರು ತಿಂಗಳಿಗಿಂತ ಜಾಸ್ತಿ. ಕೂಲಿಯವನ ಮನೆಯಲ್ಲಿ ಅದು ಚಿಕ್ಕದಾ? ಯೇಸುಸ್ವಾಮಿ ಬೇಕಿದ್ದರೆ ಒಂದು ಕಾಸು ಅನ್ನಬಹುದಿತ್ತು, ಎರಡು ಕಾಸು ಅನ್ನಬಹುದಿತ್ತು. ಅನ್ನಲಿಲ್ಲ. ನೋವಾಗುವಷ್ಟು ಹಣವನ್ನೇ ಹೇಳಿದರು. ನಮಗೆ ಆದ ನಷ್ಟ ಏನೂ ಅಲ್ಲ ಅಂತ ಅವರು ಎಲ್ಲಿಯೂ ಹೇಳಿಲ್ಲ. ನಿನಗೆ ಈ ಮಾತು ಹೇಳಬೇಕು ಅಂತಲೇ ನಾನು ನಿದ್ದೆ ಬಿಟ್ಟು ಕೂತಿದ್ದೇನೆ. ಕ್ಷಮಿಸುವವರು ಮೊದಲು ಲೆಕ್ಕ ಓದಬೇಕು. ಎಷ್ಟು ಅಂತ ಗೊತ್ತಿರಬೇಕು. ಆಮೇಲೆ ಬಿಡಬೇಕು. ಓದದೆ ಬಿಟ್ಟರೆ ಅದು ಒಳಗೇ ಉಳಿದು ಬಡ್ಡಿ ಬೆಳೆಯುತ್ತದೆ.

ನನಗೆ ಇದು ಪುಸ್ತಕ ಓದಿ ಬಂದದ್ದಲ್ಲ. ಅಣ್ಣ ತೀರಿಕೊಂಡ ಮೇಲೆ ಮೂರು ವರ್ಷ ನಾನು ಕರ್ತನ ಪ್ರಾರ್ಥನೆಯನ್ನು ಪೂರ್ತಿ ಹೇಳಿಲ್ಲ. ಯಾರಿಗೂ ಗೊತ್ತಿರಲಿಲ್ಲ. "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ" ಅಂತ ಬಂದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. "ನಮ್ಮ ತಪ್ಪುಗಳನ್ನು ಕ್ಷಮಿಸು" ಅನ್ನುವಾಗ ಮತ್ತೆ ಸೇರಿಕೊಳ್ಳುತ್ತಿದ್ದೆ. ಇದೇ ಮೊಮ್ಮಗ, ಆಗ ನಾಲ್ಕು ವರ್ಷ, ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಕೇಳಿದ: "ಅಜ್ಜಿ, ನಡುವೆ ಯಾಕೆ ಸುಮ್ಮನಾಗ್ತೀ? ಮರೆತು ಹೋಯ್ತಾ?" ನನಗೆ ಉತ್ತರ ಬರಲಿಲ್ಲ. ಇಂಗ್ಲಿಷಿನಲ್ಲಿ ಆ ಪ್ರಾರ್ಥನೆ ಹೇಳುವಾಗ ಮೊದಲು ನಮ್ಮನ್ನು ಕ್ಷಮಿಸು ಅಂತ ಬರುತ್ತದೆ, ನಾವು ಕ್ಷಮಿಸುವುದು ಆಮೇಲೆ. ನಮ್ಮ ಕನ್ನಡದಲ್ಲಿ ತಿರುವುಮುರುವು. ನಾವು ಮಾಡಬೇಕಾದದ್ದನ್ನು ದಾಟಿಯೇ ನಮಗೆ ಬೇಕಾದದ್ದಕ್ಕೆ ಹೋಗಬೇಕು. ನಾನು ಮೂರು ವರ್ಷ ಆ ಹೊಳೆ ದಾಟದೆ ಆಚೆ ದಡದಲ್ಲಿ ನಿಂತ ಹಾಗೆ ನಟಿಸುತ್ತಿದ್ದೆ.

ಮಾರನೇ ದಿನ ಆ ಸಾಲು ಹೇಳಿದೆ. ಹಲ್ಲು ಕಚ್ಚಿ ಹೇಳಿದೆ. ಮನಸ್ಸು ಒಂದು ಚೂರೂ ಅಲುಗಲಿಲ್ಲ. ಆದರೂ ದಿನಾ ಹೇಳಿದೆ.

ಕೊರಿ ಟೆನ್ ಬೂಮ್ ಅನ್ನುವ ಹಾಲೆಂಡಿನ ಹೆಣ್ಣುಮಗಳ ವಿಷಯ ನಮ್ಮ ಮಹಿಳಾ ಕೂಟದಲ್ಲಿ ಕೆಲವರು ಕೇಳಿರುತ್ತೀರಿ. ಹಾರ್ಲೆಮ್ ಊರಿನ ಗಡಿಯಾರ ರಿಪೇರಿ ಮನೆತನ. ಎರಡನೇ ಮಹಾಯುದ್ಧದ ಕಾಲದಲ್ಲಿ ಯೆಹೂದ್ಯರನ್ನು ಮನೆಯಲ್ಲಿ ಅಡಗಿಸಿಟ್ಟಿದ್ದಕ್ಕೆ 1944ರ ಫೆಬ್ರವರಿಯಲ್ಲಿ ಇಡೀ ಮನೆಯವರನ್ನು ಹಿಡಿದರು. 84 ವರ್ಷದ ತಂದೆ ಹತ್ತೇ ದಿನದಲ್ಲಿ ಹೋದರು. ಕೊರಿಯನ್ನೂ ಅಕ್ಕ ಬೆಟ್ಸಿಯನ್ನೂ ನಾಜಿಗಳ ರಾವೆನ್ಸ್‌ಬ್ರೂಕ್ ಸೆರೆ ಶಿಬಿರಕ್ಕೆ ಹಾಕಿದರು, ಬೆಟ್ಸಿ ಅದೇ ಡಿಸೆಂಬರಿನಲ್ಲಿ ಅಲ್ಲೇ ಸತ್ತಳು. 1947ರಲ್ಲಿ ಕೊರಿ ಜರ್ಮನಿಯ ಮ್ಯೂನಿಕ್‌ನಲ್ಲಿ ಒಂದು ಚರ್ಚಿನಲ್ಲಿ ದೇವರ ಕ್ಷಮೆಯ ಬಗ್ಗೆ ಮಾತಾಡಿದರು. ಮುಗಿದ ಮೇಲೆ ಒಬ್ಬ ಮನುಷ್ಯ ಮುಂದೆ ಬಂದ. ಅದೇ ಶಿಬಿರದ ಕಾವಲುಗಾರ. ಈಗ ನಾನೂ ಕ್ರೈಸ್ತ, ದೇವರು ಕ್ಷಮಿಸಿದ್ದಾನೆ, ನೀವೂ ಕ್ಷಮಿಸುತ್ತೀರಾ ಅಂತ ಕೈ ಚಾಚಿದ.

ನಿನ್ನ ಭಾನುವಾರದ ಹಾಗೇ ಅಲ್ವಾ?

ಅವರ ಕೈ ಏಳಲಿಲ್ಲ ಪುಟ್ಟಿ. ಅಷ್ಟು ಹೊತ್ತು ಅದೇ ವಿಷಯ ಪ್ರಸಂಗ ಮಾಡಿದವರ ಕೈ ಏಳಲಿಲ್ಲ. ಪ್ರೀತಿ ನನ್ನ ಹತ್ತಿರ ಇಲ್ಲ, ಕೈ ಎತ್ತುವುದಷ್ಟು ನಾನು ಮಾಡುತ್ತೇನೆ, ಉಳಿದದ್ದು ನೀನು ಕೊಡು ಅಂತ ಒಳಗೇ ಬೇಡಿಕೊಂಡರಂತೆ. ಮರದ ಕೈ ಹಾಗೆ ಮುಂದೆ ಹೋಯಿತು, ಆಮೇಲೆ ಪ್ರೀತಿ ಬಂತು. ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಇಷ್ಟವಾಗುವುದು ಆಮೇಲಿನದು. ಎಷ್ಟೋ ವರ್ಷದ ನಂತರ ಪರಿಚಯದ ಕ್ರೈಸ್ತರೇ ಅವರಿಗೆ ಏನೋ ನೋವು ಮಾಡಿದರು. ಕ್ಷಮಿಸಿದ್ದೇನೆ ಅಂದುಕೊಂಡರೂ ನಡುರಾತ್ರಿ ಎದ್ದು ಕೂರುತ್ತಿದ್ದರು. ಆಗ ಒಬ್ಬ ಪಾಸ್ಟರ್ ಚರ್ಚಿನ ಗಂಟೆ ತೋರಿಸಿ ಹೇಳಿದರಂತೆ, ಹಗ್ಗ ಬಿಟ್ಟ ಮೇಲೂ ಗಂಟೆ ಸ್ವಲ್ಪ ಹೊತ್ತು ಹೊಡೆದುಕೊಳ್ಳುತ್ತದೆ, ನಿಧಾನವಾಗಿ ನಿಲ್ಲುತ್ತದೆ ಅಂತ. ನಮ್ಮ ಹಳೇ ದೇವಾಲಯದ ಗಂಟೆ ನೆನಪಿದೆಯಲ್ಲ? ತಾತ ಹಗ್ಗ ಬಿಟ್ಟು ಒಳಗೆ ಬಂದು ಕೂತರೂ ಒಂದೆರಡು ಸಲ ಢಣ್ ಅನ್ನುತ್ತಿತ್ತು. ಕೋಪ ಮತ್ತೆ ಬಂತು ಅಂದರೆ ನೀನು ಕ್ಷಮಿಸಿಲ್ಲ ಅಂತಲ್ಲ. ಹಗ್ಗ ಬಿಟ್ಟಿದ್ದೀಯಾ, ಅಷ್ಟು ನೋಡಿಕೋ.

ಇನ್ನು ನಿನಗೆ ಹೇಳದೇ ಇಟ್ಟುಕೊಂಡ ಒಂದು ಸಂಗತಿ ಇದೆ. ಎರಡು ವರ್ಷದ ಹಿಂದೆ ಅವನು ನಮ್ಮ ಮನೆಗೆ ಬಂದಿದ್ದ. ಕುರ್ಚಿಯ ತುದಿಯಲ್ಲಿ ಕೂತ. ಕಾಫಿ ಕೊಟ್ಟೆ. "ತಪ್ಪಾಯಿತು ಅಕ್ಕಾ" ಅಂದ. ಎಷ್ಟು ತಪ್ಪಾಯಿತು ಅಂತ ಗೊತ್ತಾ ಅಂತ ಕೇಳಿ, ಒಳಗೆ ಹೋಗಿ ಅಣ್ಣನ ಪುಸ್ತಕ ತಂದು ಅವನ ಕೈಗೆ ಕೊಟ್ಟೆ. ಪೂರ್ತಿ ಓದು ಅಂದೆ. ಓದಿದ. ಒಂದೊಂದು ಸಾಲಿಗೂ ಬೆರಳಿಟ್ಟು ಓದಿದ, 58 ಸಾಲು. ನಿನ್ನ ಫೀಸಿನ ಸಾಲಿನ ಹತ್ತಿರ ಬೆರಳು ನಿಂತಿತು. ಅಲ್ಲೇ ತುಂಬಾ ಹೊತ್ತು ಇತ್ತು. ಕಾಫಿ ಆರಿ ಕೆನೆ ಕಟ್ಟಿತು. ನಾನು ಬಿಟ್ಟಿದ್ದೇನೆ ಅಂದೆ. ಬಾಯಲ್ಲಿ ಬಂದಾಗ ನನಗೇ ಆಶ್ಚರ್ಯವಾಯಿತು, ಯಾಕಂದರೆ ಅದು ನಿಜವಾಗಿತ್ತು. ಆದರೆ ಇದನ್ನೂ ಹೇಳಿದೆ: ಇದು ನನ್ನ ಪಾಲಿನದು ಅಷ್ಟೇ. ಅತ್ತಿಗೆಯದು, ಪುಟ್ಟಿಯದು ನನ್ನ ಕೈಯಲ್ಲಿಲ್ಲ. ಅಲ್ಲಿಗೆ ನೀನೇ ಹೋಗಬೇಕು. ಹೋಗುವ ಮುಂಚೆ ಬೈಬಲಿನಲ್ಲಿ ಸುಂಕದ ಜಕ್ಕಾಯನ ಕಥೆ ಓದಿಕೊಂಡು ಹೋಗು, ಅವನು ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಅವನು ನಿಮ್ಮ ಮನೆಗೆ ಬರಲಿಲ್ಲ. ಭಾನುವಾರ ಬಂದದ್ದೂ ಬರಿಗೈಯಲ್ಲಿ. ನಿನಗೆ ಆಗಲೇ ಹೇಳದೆ ಬಿಟ್ಟದ್ದು ನನ್ನ ತಪ್ಪು ಪುಟ್ಟಿ, ಅದಕ್ಕೆ ನಿನ್ನನ್ನು ಕ್ಷಮೆ ಕೇಳುತ್ತೇನೆ.

ಸಭೆಯ ಕಮಿಟಿಗೆ ಅವನನ್ನು ಖಜಾಂಚಿ ಮಾಡೋಣ, ಅದೇ ಕ್ಷಮೆಯ ಗುರುತು ಅಂತ ಯಾರೋ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಕ್ಷಮೆ ಪುಕ್ಕಟೆ ಕೊಡಬಹುದು, ನಂಬಿಕೆಯನ್ನು ಅವನು ಗಳಿಸಬೇಕು. ಬೈಬಲಿನ ಯೋಸೇಫ, ತನ್ನನ್ನು ಮಾರಿದ್ದ ಅಣ್ಣಂದಿರು ಎಷ್ಟೋ ವರ್ಷದ ಮೇಲೆ ಎದುರಿಗೆ ಬಂದಾಗ, ಅವರ ಮಾತು ಕೇಳಿ ಆಚೆ ಹೋಗಿ ಅತ್ತ, ಆದರೂ ತಾನು ಯಾರು ಅಂತ ಕೂಡಲೇ ಹೇಳಲಿಲ್ಲ. ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿ ಬಟ್ಟಲು ಇಡಿಸಿ ನೋಡಿದ, ಇವರು ಈಗಲೂ ತಮ್ಮನನ್ನು ಬಿಟ್ಟುಕೊಡುತ್ತಾರಾ ಅಂತ. ತನ್ನನ್ನು ಮಾರೋಣ ಅಂದಿದ್ದ ಯೆಹೂದನೇ, ತಮ್ಮನ ಬದಲು ನಾನು ಗುಲಾಮನಾಗುತ್ತೇನೆ ಅಂದ ಮೇಲೆಯೇ ಬಾಯಿಬಿಟ್ಟ.

ಆಸ್ಟ್ರೇಲಿಯಾದಿಂದ ಬಂದ ಮಿಷನರಿ ಗ್ಲಾಡಿಸ್ ಸ್ಟೇನ್ಸ್ ಅವರನ್ನೂ ನೆನೆಸಿಕೊಳ್ಳಿ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡ ಗ್ರಹಾಂ, ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿ, ಮೂವರನ್ನೂ ಗಾಡಿಯಲ್ಲಿ ಮಲಗಿದ್ದಾಗಲೇ ಸುಟ್ಟರು. ಅವರು ಕ್ಷಮಿಸಿದ್ದೇನೆ ಅಂದರು. ಮಗಳ ಜೊತೆ ಬಾರಿಪದದಲ್ಲೇ ಉಳಿದು 2004ರವರೆಗೆ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಕೇಸು ತನ್ನ ಪಾಡಿಗೆ ನಡೆಯಿತು, ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅವರ ಕ್ಷಮೆ ಕೋರ್ಟಿನ ಕೆಲಸಕ್ಕೆ ಅಡ್ಡ ಬರಲಿಲ್ಲ, ಕೋರ್ಟಿನ ಶಿಕ್ಷೆ ಅವರ ಕ್ಷಮೆಯನ್ನು ಕಡಿಮೆ ಮಾಡಲಿಲ್ಲ. ಇದನ್ನು ಹೇಳುವಾಗ ಈಗಲೂ ನನಗೆ ಗಂಟಲು ಕಟ್ಟುತ್ತದೆ, ಆ ಮಕ್ಕಳ ವಯಸ್ಸು ನೆನೆದು.

ನಿನಗೆ ಅವಸರ ಮಾಡುವುದಿಲ್ಲ ಪುಟ್ಟಿ. ಆದರೆ ಅವನು ಬಂದು ಪೂರ್ತಿ ತೀರಿಸಲಿ, ಆಮೇಲೆ ನೋಡೋಣ ಅಂತ ಮಾತ್ರ ಕೂರಬೇಡ. ಹಾಗೆ ಕೂತರೆ ಅಪ್ಪನ 58 ತಿಂಗಳಿನ ಜೊತೆಗೆ ನಿನ್ನ ವರ್ಷಗಳನ್ನೂ ಅವನ ಕೈಗೆ ಕೊಟ್ಟ ಹಾಗಾಗುತ್ತದೆ. ನಮ್ಮ ಕರ್ತನು ಶಿಲುಬೆಯ ಮೇಲೆ, ಮೊಳೆ ಇನ್ನೂ ಕೈಯಲ್ಲಿರುವಾಗಲೇ, ಯಾರೂ ತಪ್ಪಾಯಿತು ಅನ್ನುವ ಮುಂಚೆಯೇ, ತಂದೆಯೇ ಇವರನ್ನು ಕ್ಷಮಿಸು ಅಂದರು. ಅವರನ್ನೇ ಕೇಳು, ಅವರು ಕೊಡುತ್ತಾರೆ. ನನಗೆ ಕೊಟ್ಟಿದ್ದಾರೆ.

ಮುಂದಿನ ಭಾನುವಾರ ನಾನು ಬೆಳಗಿನ ಬಸ್ಸಿಗೇ ಬರುತ್ತೇನೆ. ನಿನ್ನ ಪಕ್ಕದಲ್ಲೇ ಕೂರುತ್ತೇನೆ, ನಿನಗೆ ಎದ್ದು ಹೊರಗೆ ಹೋಗಬೇಕು ಅನ್ನಿಸಿದರೆ ನಾನೂ ಜೊತೆಗೆ ಬರುತ್ತೇನೆ. ಅಪ್ಪನ ಪುಸ್ತಕ ತರುತ್ತೇನೆ. ನೀನು ಅದನ್ನು ಒಮ್ಮೆಯೂ ಬಿಚ್ಚಿ ನೋಡಿಲ್ಲ ಅಂತ ನಿನ್ನ ಅಮ್ಮ ಹೇಳಿದಳು. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಕೂತು ಓದೋಣ, ಒಂದೊಂದು ಸಾಲೂ. ಆಮೇಲೆ ಅದನ್ನು ಇಟ್ಟುಕೊಳ್ಳುವುದೋ ಬಿಡುವುದೋ ನಿನಗೆ ಸೇರಿದ್ದು. ಮೊಮ್ಮಗ ಎದ್ದ, ನೀರು ಕೇಳುತ್ತಿದ್ದಾನೆ. ಇಡುತ್ತೇನೆ.