ಸಹಾಯ ಬೇಕು: ಗೇಮ್‌ನಲ್ಲಿ ಒತ್ತಕ್ಷರ ಒಡೀತಿದೆ

ತೀರ್ಥಹಳ್ಳಿ ಹತ್ರ ನಮ್ಮನೆ ಮಹಡಿ ಮೇಲೆ ಮೂರು ಜನ ಸೇರಿ ಅಡಿಕೆ ತೋಟದ ಗೇಮ್ ಮಾಡ್ತಿದೀವಿ. ಬೋರ್ಡೋ ಔಷಧಿ ಹೊಡೆಯೋದು ತಡವಾದ್ರೆ ಕೊಳೆರೋಗ, ಅಲ್ಲಿಗೆ ಆಟ ಮುಗೀತು.

ಎಲ್ಲ ಸರಿ, ಕನ್ನಡವೇ ಕೈಕೊಟ್ಟಿದೆ. ನಾವು ಗೇಮ್ ಮಾಡ್ತಿರೋ ಸಾಫ್ಟ್‌ವೇರ್ ಯೂನಿಟಿ; ಅದರಲ್ಲಿ ಅಕ್ಷರ ತೋರಿಸೋ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ 'ತೀರ್ಥಹಳ್ಳಿ' ಅಂತ ಹಾಕಿದ್ರೆ 'ತೀರ್‌ಥಹಳ್‌ಳಿ' ಅಂತ ಬರುತ್ತೆ. ಅಮ್ಮ ನೋಡಿ "ಇದ್ಯಾವ ಊರೋ?" ಅಂದ್ರು. ಫಾಂಟ್ ಬದಲಾಯಿಸಿದ್ರೂ ಅಷ್ಟೆ. ಅಕ್ಷರ ಕೂಡಿಸೋ ಕೆಲಸವನ್ನೇ ಟೆಕ್ಸ್ಟ್‌ಮೆಶ್ ಪ್ರೊ ಮಾಡಲ್ಲ. ಗೇಮ್ ಮಾಡೋ ಇನ್ನೊಂದು ಸಾಫ್ಟ್‌ವೇರ್ ಗೋಡೋ 4ರಲ್ಲಿ ಅಕ್ಷರ ಕೂಡಿಸೋ ಹಾರ್ಫ್‌ಬಝ್ ಇರೋದ್ರಿಂದ ಸರಿಯಾಗಿ ಬರುತ್ತೆ, ನೋಡಿದ್ವಿ. ಆದ್ರೆ ಒಂದೂವರೆ ವರ್ಷದ ಕೆಲಸ ಮತ್ತೆ ಮೊದಲಿಂದ ಮಾಡೋ ಧೈರ್ಯ ಇಲ್ಲ, ಈ ಮಳೇಲಿ ಕರೆಂಟೂ ಇರಲ್ಲ.

ಯೂನಿಟಿಯಲ್ಲೇ ಕನ್ನಡ ಸರಿ ಮಾಡಿಕೊಂಡವರಿದ್ರೆ ದಾರಿ ಹೇಳಿ. ಸಂಭಾಷಣೆ 600 ಸಾಲು ಇದೆ, ಚಿತ್ರ ಮಾಡಿ ಅಂಟಿಸೋ ಉಪಾಯ ಮಾತ್ರ ಬೇಡ ಮಾರಾಯ್ರೆ.