‘ಜೆಲಿ’ಯನ್ನು ಕನ್ನಡದಲ್ಲಿ ಏನನ್ನೋಣ? ಹೆಳವ, ಭಟ್ಟಂಗಿ, ಕಥೆಗಾರ, ಗ್ರಿಯೋ?

ಎಲ್ಲರಿಗೂ ನಮಸ್ಕಾರ,

ಪಶ್ಚಿಮ ಆಫ್ರಿಕಾದ ಮಾಲಿ, ಗಿನಿ, ಗ್ಯಾಂಬಿಯಾ, ಸೆನೆಗಲ್ ಕಡೆ ಹಾಡು, ವಂಶಾವಳಿ, ರಾಜರ ಕಥೆಗಳನ್ನು ಬಾಯಲ್ಲೇ ಉಳಿಸಿಕೊಂಡು ಬಂದ ಮನೆತನಗಳಿವೆ. ಅವರ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಅವರನ್ನು ಏನಂತ ಕರೆಯಬೇಕು ಅನ್ನೋದು ಇನ್ನೂ ಬಗೆಹರಿದಿಲ್ಲ. ನಿಮ್ಮೆಲ್ಲರ ಅಭಿಪ್ರಾಯ ಬೇಕು.

ಹೊರಗಿನ ಓದುಗರಿಗೆ ಗೊತ್ತಿರುವ ಹೆಸರು ‘ಗ್ರಿಯೋ’. ಇದು ಫ್ರೆಂಚರ ಬರಹದಿಂದ (griot) ಬಂದದ್ದು. ಕೊನೆಯ ‘ಟ’ಕಾರವನ್ನು ಫ್ರೆಂಚರು ಉಚ್ಚರಿಸುವುದಿಲ್ಲ. ಹಾಗಾಗಿ ಇಂಗ್ಲಿಷ್ ಕಾಗುಣಿತ ನೋಡಿ ‘ಗ್ರಿಯಟ್’ ಅಂತ ಬರೆಯೋದು ಸರಿಯಲ್ಲ. ಆದರೆ ನನ್ನ ತಕರಾರು ಉಚ್ಚಾರದ ಮೇಲಲ್ಲ. ಇದು ಆ ಜನ ತಮಗೆ ತಾವು ಇಟ್ಟುಕೊಂಡ ಹೆಸರೇ ಅಲ್ಲ. ಮಾಲಿಯ ಬಂಬಾರ ಭಾಷೆಯಲ್ಲಿ ಅವರು ‘ಜೆಲಿ’. ವೊಲೊಫ್ ಭಾಷೆಯಲ್ಲಿ ‘ಗೆವೆಲ್’, ಫುಲಾದಲ್ಲಿ ‘ಗಾವ್ಲೊ’. ಗ್ಯಾಂಬಿಯಾದ ಮಂಡಿಂಕಾ ಭಾಷೆಯಲ್ಲಿ ‘ಜಾಲಿ’. ಈ ಕೊನೆಯದು ನಮಗೆ ಆಗಲ್ಲ. ಓದಿದವರಿಗೆ ಮೊದಲು ಜಾಲಿ ಮರವೇ ನೆನಪಾಗುತ್ತೆ, ಅಲ್ವಾ? ಹಾಗಾಗಿ ಸದ್ಯಕ್ಕೆ ‘ಜೆಲಿ’ ಅಂತ ಇಟ್ಟುಕೊಂಡಿದ್ದೇನೆ.

ಪದ ಹುಡುಕುವ ಮೊದಲು ಅವರ ಕೆಲಸ ಏನು ಅನ್ನೋದನ್ನು ಹೇಳಬೇಕು. ಹಾಡುವುದು ಅದರ ಒಂದು ಭಾಗ ಅಷ್ಟೇ. ಮಂಡೆ ಜನರಲ್ಲಿ (ಬಂಬಾರ, ಮಂಡಿಂಕಾ ಮೊದಲಾದ ಭಾಷೆಯವರನ್ನು ಒಟ್ಟಾಗಿ ಹೀಗೆ ಕರೀತಾರೆ) ದೊಡ್ಡ ಮನೆತನದವರು ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಮಾತಾಡುವುದು ಗೌರವವಲ್ಲ. ಅವರು ಮೆಲ್ಲಗೆ ಹೇಳುತ್ತಾರೆ, ಜೆಲಿ ಅದನ್ನು ಎಲ್ಲರಿಗೂ ಕೇಳುವಂತೆ ಎತ್ತಿ ಹೇಳುತ್ತಾನೆ. ಮದುವೆ ಮಾತುಕತೆಗೆ ಕೋಲಾ ಬೀಜ ತೆಗೆದುಕೊಂಡು ಹೋಗುವವನು ಜೆಲಿ. ಎರಡು ಮನೆಗಳ ಜಗಳ ಬಿಡಿಸುವುದಕ್ಕೂ ಅವನನ್ನೇ ಕರೀತಾರೆ. ಯಾರ ಅಜ್ಜ ಯಾರು, ಯಾವ ಮನೆಗೂ ಯಾವ ಮನೆಗೂ ಏನು ನಂಟು ಅನ್ನೋದು ಅವನ ನಾಲಿಗೆಯಲ್ಲಿರುತ್ತೆ. 13ನೇ ಶತಮಾನದಲ್ಲಿ ಮಾಲಿ ಸಾಮ್ರಾಜ್ಯ ಕಟ್ಟಿದ ಸುಂಜಾತ ಕೈತಾನ ಕಥೆ ನಮ್ಮವರೆಗೂ ಬಂದದ್ದು ಹೆಚ್ಚಾಗಿ ಇವರ ಬಾಯಿಂದಲೇ. ಈ ಕೆಲಸ ಹುಟ್ಟಿನಿಂದ ಬರುತ್ತೆ. ಕುಯಾಟೆ, ಜಾಬಾತೆ, ಸಿಸೊಕೊ ಅನ್ನೋ ಮನೆತನದ ಹೆಸರು ಕೇಳಿದರೇ ಅಲ್ಲಿಯವರಿಗೆ ಇವರು ಜೆಲಿಗಳು ಅಂತ ಗೊತ್ತಾಗುತ್ತೆ.

ಈಗ ನಮ್ಮ ಪದಗಳಿಗೆ ಬರ್ತೀನಿ.

‘ಗಾಯಕ’, ‘ಕಥೆಗಾರ’, ‘ಜಾನಪದ ಕಲಾವಿದ’ ಮೂರನ್ನೂ ಪಕ್ಕಕ್ಕಿಡುತ್ತೇನೆ. ಇವು ಬರೀ ಕಲೆಯನ್ನು ಹೇಳುತ್ತವೆ, ಹೊಣೆಯನ್ನು ಹೇಳುವುದಿಲ್ಲ. ಗಾಯಕ ಅಂದುಬಿಟ್ಟರೆ ಅವನ ಹಾಡನ್ನು ರೆಕಾರ್ಡ್ ಮಾಡಿಟ್ಟರೆ ಸಾಕು, ಪರಂಪರೆ ಉಳೀತು ಅಂತ ಓದುಗರು ಅಂದುಕೊಳ್ಳುತ್ತಾರೆ. ಜಗಳ ಬಿಡಿಸುವವನನ್ನು ರೆಕಾರ್ಡ್ ಮಾಡಿಟ್ಟು ಏನು ಮಾಡೋದು? ಅವನ ಮಾತು ಕೇಳುವ ಮನೆಗಳೂ ಇರಬೇಕು, ಅವನಿಂದ ಕಲಿಯುವ ಮಕ್ಕಳೂ ಇರಬೇಕು.

‘ವಂದಿಮಾಗಧ’ ಹಳೆಯ ಕಾವ್ಯದ ಪದ. ಅರ್ಥ ಹತ್ತಿರವಿದೆ, ಆದರೆ ಅರಮನೆ ಬಾಗಿಲಲ್ಲೇ ನಿಂತುಬಿಡುತ್ತೆ. ‘ಭಟ್ಟಂಗಿ’ಯ ಗತಿ ಬೇರೆ. ಒಂದು ಕಾಲಕ್ಕೆ ಅದು ಹೊಗಳಿ ಹಾಡುವವರ ಹೆಸರು. ಇವತ್ತು ಭಟ್ಟಂಗಿ ಅಂದರೆ ಬೈಗುಳ. ಮಾಲಿಯಲ್ಲೂ ದುಡ್ಡಿಗಾಗಿ ಯಾರನ್ನು ಬೇಕಾದರೂ ಹೊಗಳುವ ಜೆಲಿಗಳ ಬಗ್ಗೆ ಜನ ಬೇಸರದಿಂದ ಮಾತಾಡುತ್ತಾರೆ. ಆದರೂ ಮನೆತನದ ಹಿರಿಯ ಜೆಲಿಗೆ ಇರುವ ಮರ್ಯಾದೆ ಬೇರೆಯೇ. ಅಂಥವರಿಗೆ ನಾವು ಬೈಗುಳದ ಪದ ಹಚ್ಚಬಾರದು.

ಎಲ್ಲಕ್ಕಿಂತ ಹತ್ತಿರ ಬರುವುದು ನಮ್ಮ ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬಂದು, ಒಕ್ಕಲು ಮನೆಗಳ ಮುಂದೆ ಆ ಮನೆತನದ ತಲೆಮಾರುಗಳನ್ನು ಹೇಳುವವರು. ಮನೆಯವರು ಕಾಳು, ಬಟ್ಟೆ ಕೊಟ್ಟು ಕಳಿಸುತ್ತಾರೆ. ವಂಶ ನೆನಪಿಡುವ ಕೆಲಸ, ತಲೆಮಾರಿನಿಂದ ಬಂದ ಹಕ್ಕು, ಮನೆಗೂ ಅವರಿಗೂ ಇರುವ ನಂಟು ಎಲ್ಲವೂ ಹೊಂದುತ್ತೆ. ಆದರೂ ‘ಆಫ್ರಿಕಾದ ಹೆಳವರು’ ಅಂತ ಬರೆಯೋಕೆ ಮನಸ್ಸು ಒಪ್ಪುತ್ತಿಲ್ಲ. ಹೆಳವರು ವಂಶಾವಳಿಯನ್ನು ಹೊತ್ತಿಗೆಗಳಲ್ಲೂ ಬರೆದಿಡುತ್ತಾರೆ. ಜೆಲಿಯ ಹೆಮ್ಮೆ ಬಾಯಿಮಾತಿನದು. ಹೆಳವರು ನಡುವೆ ನಿಂತು ರಾಯಭಾರ ಮಾಡುವವರಲ್ಲ, ಜೆಲಿಗೆ ಅದೇ ಮುಖ್ಯ ಕೆಲಸ. ಅದಕ್ಕಿಂತ ಜಾಸ್ತಿ, ಹೆಳವ ಅನ್ನೋದು ಇವತ್ತೂ ನಮ್ಮ ನಡುವೆ ಬದುಕುತ್ತಿರುವ ಒಂದು ಸಮುದಾಯದ ಹೆಸರು. ಅದನ್ನು ಸುಮ್ನೆ ಎತ್ತಿಕೊಂಡು ಬೇರೆಯವರಿಗೆ ಅಂಟಿಸುವುದು ಸರಿ ಕಾಣಲ್ಲ. ಒಂದು ಸಲ ‘ನಮ್ಮ ಹೆಳವರ ಹಾಗೆ’ ಅಂತ ಪರಿಚಯಿಸಿ, ಮುಂದೆ ‘ಜೆಲಿ’ ಅಂತಲೇ ಬರೆಯೋದು ನನಗೆ ಒಪ್ಪಿಗೆ. ಇನ್ನೊಂದು ಅನುಕೂಲವೂ ಇದೆ. ಹೆಳವ, ಗಾಯಕ ಅಂದಾಗ ಗಂಡಸೇ ಕಣ್ಣಿಗೆ ಬರುತ್ತಾನೆ. ಜೆಲಿಗಳಲ್ಲಿ ಹೆಂಗಸರ ಪಾಲು ದೊಡ್ಡದು. ಅವರನ್ನು ‘ಜೆಲಿಮುಸೊ’ ಅಂತಾರೆ, ಮಾಲಿಯ ಹೆಸರಾಂತ ಹಾಡುಗಾರರಲ್ಲಿ ಬಹಳ ಮಂದಿ ಇವರೇ. ‘ಜೆಲಿಯವರು’ ಅಂದರೆ ಇಬ್ಬರೂ ಸೇರುತ್ತಾರೆ. 21 ತಂತಿಯ ಕೋರಾ ಮಾತ್ರ ಅಪ್ಪನಿಂದ ಮಗನಿಗೇ ಹೋಗುತ್ತಿತ್ತು. ಲಂಡನ್ನಿನಲ್ಲಿ ಹುಟ್ಟಿದ ಸೋನಾ ಜೋಬಾರ್ತೆ ಅದನ್ನು ಕೈಗೆತ್ತಿಕೊಂಡರು. ಅಷ್ಟೇ ಅಲ್ಲ, ಗ್ಯಾಂಬಿಯಾದಲ್ಲಿ ಶಾಲೆಯನ್ನೂ ತೆರೆದರು. (ಜೋಬಾರ್ತೆ, ಜಾಬಾತೆ ಎರಡೂ ಒಂದೇ ಮನೆತನ. ಇಂಗ್ಲಿಷರು ಆಳಿದ ಕಡೆ ಒಂದು ಕಾಗುಣಿತ, ಫ್ರೆಂಚರು ಆಳಿದ ಕಡೆ ಇನ್ನೊಂದು. ಕನ್ನಡದಲ್ಲಿ ಬರೆಯುವಾಗ ಇವನ್ನು ಬೇರೆ ಬೇರೆ ಮನೆತನ ಅಂದುಕೊಳ್ಳಬಾರದು.)

ವಾದ್ಯಗಳ ವಿಷಯದಲ್ಲಿ ಕನ್ನಡ ಕೈಬಿಡಲಿಲ್ಲ. ಕೋರಾದ ಹೊಟ್ಟೆ ಸೋರೆ ಬುರುಡೆ, ನಮ್ಮ ಕಿನ್ನರಿಯದ್ದೂ ಅದೇ. ಅಲ್ಲಿ ಪದ ಹುಡುಕಬೇಕಾಗಿಲ್ಲ. ಮರದ ಪಟ್ಟಿಗಳ ವಾದ್ಯವನ್ನು ಹೊರಗಿನವರು ‘ಬಾಲಫೋನ್’ ಅಂತಾರೆ. ವಾದ್ಯದ ನಿಜವಾದ ಹೆಸರು ‘ಬಾಲ’. ‘ಫೋ’ ಅಂದರೆ ಜೆಲಿಗಳ ಭಾಷೆಯಲ್ಲಿ ಮಾತಾಡು ಅಂತಲೂ ಆಗುತ್ತೆ, ವಾದ್ಯ ಬಾರಿಸು ಅಂತಲೂ ಆಗುತ್ತೆ. ನಮ್ಮ ‘ನುಡಿಸು’ ಇದಕ್ಕೆ ಎಷ್ಟು ಚೆನ್ನಾಗಿ ಕೂರುತ್ತೆ ನೋಡಿ! ಹಾಗಾಗಿ ‘ಬಾಲ ಬಾರಿಸಿದರು’ ಅನ್ನುವ ಬದಲು ಎಲ್ಲ ಕಡೆ ‘ಬಾಲ ನುಡಿಸಿದರು’ ಅಂತಲೇ ಬರೆದಿದ್ದೇನೆ.

ಗಿನಿಯ ನಿಯಾಗಸ್ಸೊಲಾ ಊರಲ್ಲಿ ‘ಸೊಸ್ಸೊ ಬಾಲ’ ಅನ್ನೋ ವಾದ್ಯವಿದೆ. ಸುಮಾರು ಒಂದೂವರೆ ಮೀಟರ್ ಉದ್ದ, 20 ಪಟ್ಟಿ, ಕೆಳಗೆ ಬುರುಡೆಗಳು. ಸುಂಜಾತನ ಎದುರಾಳಿ ಸುಮಂಗುರು ಕಾಂತೆಯದು ಅಂತ ನಂಬಿಕೆ. ಕುಯಾಟೆ ಮನೆತನದವರು ಅದನ್ನು ನೋಡಿಕೊಳ್ಳುತ್ತಾರೆ. ಅದರ ಹೊಣೆ ಹೊತ್ತ ಹಿರಿಯನನ್ನು ‘ಬಾಲತಿಗಿ’ ಅಂತಾರೆ. ವಿಶೇಷ ದಿನಗಳಲ್ಲಿ ಮಾತ್ರ ಅದನ್ನು ನುಡಿಸುತ್ತಾರೆ. ಮಕ್ಕಳಿಗೆ ಏಳು ವರ್ಷದಿಂದಲೇ ಬಾಲತಿಗಿ ಪಾಠ ಹೇಳುತ್ತಾನೆ. 2001ರಲ್ಲಿ ಯುನೆಸ್ಕೋ ಇದನ್ನು ಗುರುತಿಸಿತು, 2008ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಳ್ಳಿ ಬಿಟ್ಟು ಪಟ್ಟಣಕ್ಕೆ ಹೋಗುವ ಹುಡುಗರು ಜಾಸ್ತಿಯಾಗಿದ್ದಾರೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಆ ವಲಸೆ ನಿಲ್ಲುವುದಿಲ್ಲ. ‘ಬಾಲತಿಗಿ’ಗೆ ‘ವಾದ್ಯದ ಒಡೆಯ’ ಅನ್ನಲೇ, ‘ವಾದ್ಯದ ಯಜಮಾನ’ ಅನ್ನಲೇ? ಊರ ಯಜಮಾನ ಅಂದಾಗ ಬರುವ ಹೊಣೆಯ ಅರ್ಥ ನನಗೆ ಇಷ್ಟ.

ಮರದ ಹೆಸರಿನ ವಿಷಯವೂ ಇದೆ. ಬಾಲದ ಪಟ್ಟಿಗಳನ್ನು ಮಾಡುವ ಮರ ನಮ್ಮ ಹೊನ್ನೆಯ ಕುಲದ್ದೇ. ಇಂಗ್ಲಿಷ್ ಬರಹಗಳಲ್ಲಿ ಅದಕ್ಕೆ ರೋಸ್‌ವುಡ್ ಅಂತಾರೆ. ಅದನ್ನು ನೋಡಿ ‘ಬೀಟೆ’ ಅಂತ ಬರೆದುಬಿಡುವ ಅಪಾಯವಿದೆ. ಬೀಟೆ ಬೇರೆ ಕುಲದ ಮರ. ‘ಆಫ್ರಿಕಾದ ಹೊನ್ನೆ’ ಅಂತ ಬರೆದಿದ್ದೇನೆ. ಗಾಯ ಮಾಡಿದರೆ ಅದರಿಂದಲೂ ಕೆಂಪು ರಸ ಇಳಿಯುತ್ತೆ. ಪೀಠೋಪಕರಣಕ್ಕಾಗಿ ಚೀನಾಕ್ಕೆ ಹೋಗುವ ಮರದ ವ್ಯಾಪಾರದಿಂದ ಇದನ್ನು ಲೆಕ್ಕವಿಲ್ಲದೆ ಕಡಿದಿದ್ದಾರೆ. 2017ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿದೆ. ಮರ ಸಿಗದಿದ್ದರೆ ಬಾಲ ಮಾಡುವವರು ಏನು ಮಾಡಬೇಕು? ಸಂಗೀತ ಉಳಿಸೋ ಮಾತಾಡುವಾಗ ಈ ಮರದ ಮಾತು ಬರಲೇಬೇಕು.

ಕೊನೆಗೆ ‘ಸಂರಕ್ಷಣೆ’. ಪತ್ರಿಕೆಗಳಲ್ಲಿ ಇದೇ ಪದ ಓಡುತ್ತಿದೆ. ಹಳೇ ಗುಡಿಗೆ, ಹುಲಿಗೆ ಅದು ಸರಿ. ಇಲ್ಲಿ ಉಳಿಯಬೇಕಾದದ್ದು ಒಂದು ನಡವಳಿಕೆ. ಮಾಲಿಯ ಕಂಗಾಬದಲ್ಲಿ ‘ಕಮಾಬ್ಲೋನ್’ ಅನ್ನೋ ಪವಿತ್ರ ಮನೆಯ ಹುಲ್ಲಿನ ಚಾವಣಿಯನ್ನು ಏಳು ವರ್ಷಕ್ಕೊಮ್ಮೆ ಊರಿನ ಹರೆಯದವರು ಹೊಸದಾಗಿ ಹೊದಿಸುತ್ತಾರೆ. ಆಗ ಕೇಲಾ ಊರಿನ ಜಾಬಾತೆ ಜೆಲಿಗಳು ಬಂದು ಇತಿಹಾಸ ಹೇಳುತ್ತಾರೆ. ಹೊದಿಕೆ ಹೊಸದು, ಕೈಗಳು ಹೊಸವು, ಹೇಳುವ ಬಾಯಿಯೂ ಬದಲಾಗುತ್ತಾ ಹೋಗುತ್ತೆ. ಇದನ್ನು ಸಂರಕ್ಷಣೆ ಅಂದರೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಹಾಗೆ ಕೇಳಿಸುತ್ತೆ. ನನಗೆ ತೋಚಿದ್ದು ‘ಜತನ’. ಮಗುವನ್ನು, ಬೀಜವನ್ನು ಜತನ ಮಾಡ್ತೀವಿ, ಅಲ್ವಾ? ಬೆಳೆಯೋದಕ್ಕೂ ಅದರಲ್ಲಿ ಜಾಗವಿದೆ. ಆದರೆ ಸರ್ಕಾರ, ಸಂಸ್ಥೆಗಳ ಕೆಲಸ ಹೇಳುವಾಗ ‘ಜತನ ಯೋಜನೆ’ ಅಂದರೆ ಕಿವಿಗೆ ಒಪ್ಪುತ್ತಾ?

ಹಾಗಾಗಿ ಕೇಳೋದು ಇಷ್ಟು. ‘ಜೆಲಿ’ಯನ್ನು ಹಾಗೇ ಉಳಿಸಿಕೊಳ್ಳೋದಕ್ಕೆ ಯಾರದಾದರೂ ಆಕ್ಷೇಪ ಇದೆಯಾ? ‘ಜತನ’ ಹಳೇ ಮೈಸೂರು ಕಡೆಯವರಿಗೂ ಸಲೀಸಾಗಿ ಬರುತ್ತಾ, ಇಲ್ಲ ‘ಜೋಪಾನ’ವೇ ಜಾಸ್ತಿ ಬಳಕೆಯೇ? ಇನ್ನು ಬೆಳಗಾವಿ, ಬಾಗಲಕೋಟೆ, ಗದಗ ಕಡೆಯವರಿಗೆ ಒಂದು ವಿನಂತಿ. ನಿಮ್ಮ ಮನೆಗೆ ಹೆಳವರು ಬರುತ್ತಿದ್ದರೆ, ಅವರು ವಂಶ ‘ಓದಿದರು’ ಅಂತೀರಾ, ‘ಹೇಳಿದರು’ ಅಂತೀರಾ, ‘ಹೊಗಳಿದರು’ ಅಂತೀರಾ? ನಿಮ್ಮ ಮನೆಯ ಹಿರಿಯರನ್ನು ಕೇಳಿ ಬರೆದರೆ ಜೆಲಿಯ ಮಾತಿಗೂ ಅದೇ ಕ್ರಿಯಾಪದ ಬಳಸುತ್ತೇನೆ.